ಕಂಬ ಹತ್ತಿದವರು ಯಾರಾದರೂ ಮಂತ್ರಿ ಆಗಿದ್ದಾರಾ?

ಮೀಟರ್ ಮಾಮ, ಗೋರೆಗಾಂವ್:

ನಾನು ಮುಂಬೈಯ ಒಂದು ಕರೆಂಟ್ ಕಂಪನಿಯಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಮೊದಲ ಎಂಟು ವರ್ಷ ಮೀಟರ್ ರೀಡಿಂಗ್. ಚಾಳುಗಳ ಮೆಟ್ಟಿಲ ಕೆಳಗೆ ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ಸೊಂಟ ಹೋಯಿತು. ಆಮೇಲೆ ಬಿಲ್ ಕೌಂಟರ್. ಅಲ್ಲಿ ಬೈಗುಳ ಕೇಳಿ ಕೇಳಿ ಕಿವಿ ಹೋಯಿತು.

ಮೊನ್ನೆ ನಮ್ಮ ಸೊಸೈಟಿಗೆ ಒಬ್ಬ ಪುಢಾರಿ ಬಂದಿದ್ದ. ಗೆದ್ದರೆ 24 ತಾಸು ನೀರು ಅಂದ. ನಾನು ಒಂದೇ ಪ್ರಶ್ನೆ ಕೇಳಿದೆ: ನಮ್ಮ ಬಿಲ್ಡಿಂಗಿಗೆ ನೀರು ಬಿಡುವ ವಾಲ್ವ್ ಎಲ್ಲಿದೆ? ಅವನು ಪಕ್ಕದ ಹುಡುಗನ ಮುಖ ನೋಡಿದ. ಆ ಹುಡುಗ ಮೊಬೈಲ್ ನೋಡಿದ. ವಾಲ್ವ್ ಇದ್ದದ್ದು ಅವರು ನಿಂತ ಜಾಗದಿಂದ ಹತ್ತು ಹೆಜ್ಜೆ ದೂರ, ವಡಾಪಾವ್ ಗಾಡಿಯ ಪಕ್ಕದ ಕಬ್ಬಿಣದ ಮುಚ್ಚಳದ ಕೆಳಗೆ. ದಿನಾ ಬೆಳಗಿನ ಜಾವ ಚಾವಿವಾಲಾ ಬರುತ್ತಾನೆ. ಎದೆಯೆತ್ತರದ ಕಬ್ಬಿಣದ ಚಾವಿ ಇಳಿಸಿ, ಎಷ್ಟು ಸುತ್ತು ಅಂತ ಬಾಯಲ್ಲೇ ಎಣಿಸುತ್ತಾ ತಿರುಗಿಸುತ್ತಾನೆ. ಒಂದು ಸುತ್ತು ಕಡಿಮೆಯಾದರೆ ಮೇಲಿನ ಗಲ್ಲಿಯ ಹೆಂಗಸರು ಜಗಳಕ್ಕೆ ಬರುತ್ತಾರೆ.

ಪುಢಾರಿ ಹೋದ ಮೇಲೆ ತಲೆಗೆ ಹುಳ ಬಿಟ್ಟಂತಾಗಿದೆ. ಗ್ಯಾಸು, ಲೈಟು, ನೀರು, ಈ ಮೂರರ ಧಂದೆಯಲ್ಲಿ ನಿಜವಾಗಿ ಕೆಲಸ ಮಾಡಿ ರಾಜಕೀಯಕ್ಕೆ ಬಂದವರು ಯಾರಿದ್ದಾರೆ? ಖಾತೆ ಸಿಕ್ಕಿತು ಅಂತ ಇಂಧನ ಮಂತ್ರಿ ಆದವರ ಪಟ್ಟಿ ಬೇಡ, ಅದು ಬೇಕಾದಷ್ಟಿದೆ. ದೇಶ ಯಾವುದಾದರೂ ಆಗಬಹುದು. ಕಂಬ ಹತ್ತಿದವರಾದರೆ ಮಾರ್ಕು ಜಾಸ್ತಿ.

ಧಾಯರಿ ಹೈದ, ಪುಣೆ:

ಮಾಮ, ಇದಕ್ಕೆ ಬೇರೆ ದೇಶ ಯಾಕೆ? ನಮ್ಮ ಸರ್ ಎಂ.ವಿ. ಇಲ್ವಾ?

ನಾವು ಭಾನುವಾರ ಮಕ್ಕಳನ್ನು ಕರಕೊಂಡು ಖಡಕ್‌ವಾಸ್ಲಾ ಡ್ಯಾಮಿಗೆ ಹೋಗುತ್ತೇವೆ. ಭುಟ್ಟಾ, ಕಾಂದಾ ಭಜಿ, ಟ್ರಾಫಿಕ್ಕು, ಇಷ್ಟೇ ಅಲ್ಲಿ. ಆದರೆ ನಮ್ಮೋರು ಅಲ್ಲಿ ಮಾಡಿದ್ದು ಏನು ಅಂತ ಪಕ್ಕದಲ್ಲಿ ಭುಟ್ಟಾ ತಿನ್ನುವವರಿಗೆ ಗೊತ್ತಿರುವುದಿಲ್ಲ. ವಿಶ್ವೇಶ್ವರಯ್ಯ ಪುಣೆಯಲ್ಲೇ ಇಂಜಿನಿಯರಿಂಗ್ ಓದಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು. ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರು ಕೊಟ್ಟರು. 1903ರಲ್ಲಿ ಇದೇ ಖಡಕ್‌ವಾಸ್ಲಾದಲ್ಲಿ ತಮ್ಮ ತಂತಾನೇ ತೆರೆಯುವ ಗೇಟುಗಳನ್ನು ಮೊದಲು ಕೂರಿಸಿದರು. ಕೋಡಿಯ ಮಟ್ಟದ ಮೇಲೆ ಇನ್ನೂ ಸುಮಾರು ಎಂಟು ಅಡಿ ನೀರು ನಿಲ್ಲುತ್ತಿತ್ತು. ಅದಕ್ಕೂ ಮೇಲೆ ಹೋದರೆ ಗೇಟು ತಾನೇ ಏಳುತ್ತಿತ್ತು, ಇಳಿದರೆ ತಾನೇ ಮುಚ್ಚುತ್ತಿತ್ತು. ಗೋಡೆ ಎತ್ತರಿಸದೆಯೇ ನೀರು ಜಾಸ್ತಿ ಹಿಡಿಯುವ ಉಪಾಯ. ಇದೇ ಮನುಷ್ಯ 1912ರಿಂದ 1918ರ ತನಕ ಮೈಸೂರಿನ ದಿವಾನರು. ಫುಲ್ ಮಾರ್ಕು ಕೊಡಿ.

ಮೀಟರ್ ಮಾಮ, ಗೋರೆಗಾಂವ್:

ಕೈ ಮುಗಿದೆ ಮಾರಾಯಾ. ನೀರಿನ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ದಿವಾನರು ವೋಟು ಕೇಳಿಕೊಂಡು ನಮ್ಮ ಸೊಸೈಟಿಗೆ ಬರುವ ಜಾತಿಯವರಲ್ಲ. ಮಹಾರಾಜರು ಕರೆದು ಕೂರಿಸಿದವರು. ಅವರನ್ನು ಮೇಲೆ, ಬೇರೆ ಮಣೆಯಲ್ಲಿ ಕೂರಿಸೋಣ.

ಸೊಲ್ಲಾಪುರದ ಸೊಸೆ, ಠಾಣೆ:

ಖಾತೆ ಸಿಕ್ಕವರು ಬೇಡ ಅಂದಿರಿ, ಆದರೂ ನಮ್ಮ ಊರಿನವರ ಕಥೆ ಹೇಳದೆ ಇರಲಾರೆ. ಸುಶೀಲ್ ಕುಮಾರ್ ಶಿಂಧೆ ಸೊಲ್ಲಾಪುರದ ಕೋರ್ಟಿನಲ್ಲಿ ಜವಾನರಾಗಿದ್ದವರು, ಆಮೇಲೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್. ಕರೆಂಟಿಗೂ ಅವರಿಗೂ ಮನೆಯ ಸ್ವಿಚ್ಚಿನಷ್ಟೇ ನಂಟು. 2006ರಿಂದ ಕೇಂದ್ರದ ವಿದ್ಯುತ್ ಮಂತ್ರಿ. 2012ರ ಜುಲೈ 30ಕ್ಕೆ ಉತ್ತರದ ಗ್ರಿಡ್, ಅಂದರೆ ರಾಜ್ಯ ರಾಜ್ಯಕ್ಕೆ ಕರೆಂಟು ಸಾಗಿಸುವ ಜಾಲ, ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನ ಇರುವ ಜಾಗದಲ್ಲಿ ಕತ್ತಲು. ಅದೇ ದಿನ ಇವರಿಗೆ ಬಡ್ತಿ, ಗೃಹಮಂತ್ರಿ! ನಾವಿಲ್ಲಿ ಠಾಣೆಯಲ್ಲಿ ಫ್ಯಾನ್ ಹಾಕಿಕೊಂಡು ಟಿವಿಯಲ್ಲಿ ನೋಡುತ್ತಿದ್ದೆವು. ಪಶ್ಚಿಮದ ಗ್ರಿಡ್ ಬಿದ್ದಿರಲಿಲ್ಲ ನೋಡಿ.

ಆಮೇಲೆ ಕುರ್ಚಿಗೆ ಬಂದದ್ದು ಯಾರು? ನಮ್ಮ ವೀರಪ್ಪ ಮೊಯ್ಲಿ. ಮೂರು ತಿಂಗಳೊಳಗೆ ಅವರು ಪೆಟ್ರೋಲಿಯಂ ಖಾತೆಗೆ. 2013ರ ಜನವರಿಯಲ್ಲಿ ಸಬ್ಸಿಡಿ ಸಿಲಿಂಡರ್ ವರ್ಷಕ್ಕೆ ಆರರಿಂದ ಒಂಬತ್ತು ಮಾಡಿದ್ದು ಇವರ ಕಾಲದಲ್ಲೇ. ಆರು ಸಿಲಿಂಡರಿನಲ್ಲಿ ದಿನಾ ರೊಟ್ಟಿ ಬಡಿಯುವ ಮನೆ ನಡೆಯೋದು ಹ್ಯಾಂಗ್ರೀ? ನಮ್ಮತ್ತೆ ಕಡಕ್ ರೊಟ್ಟಿ ಒಂದೇ ಸಲ ಐವತ್ತು ಮಾಡಿ ಡಬ್ಬಿ ತುಂಬಿಸಿಡಲು ಶುರು ಮಾಡಿದ್ದರು. ಮೊಯ್ಲಿಯವರು ವಕೀಲರು, ಸಾಹಿತಿ. ಕರೆಂಟು, ಗ್ಯಾಸು ಎರಡೂ ಖಾತೆ ನೋಡಿದ ಕನ್ನಡಿಗರು ಅಂತ ಅರ್ಧ ಮಾರ್ಕಾದರೂ ಹಾಕಿ.

ಮೀಟರ್ ಮಾಮ, ಗೋರೆಗಾಂವ್:

ಅತ್ತೆಯವರಿಗೆ ಫುಲ್ ಮಾರ್ಕು. ಉಳಿದವರಿಗೆ ಇಲ್ಲ.

ಮಾಟುಂಗಾ ಕಟ್ಟೆ, ಮುಂಬೈ:

ನೀವು ಕೇಳಿದ ತರಹದವರು ಸಿಗುತ್ತಾರೆ, ಆದರೆ ಕಂಬ ಹತ್ತಿದವರಲ್ಲ, ಕಂಬಗಳ ಮಾಲೀಕರು. ಅಮೆರಿಕದ ವೆಂಡೆಲ್ ವಿಲ್ಕಿ ನೋಡಿ. ಕಾಮನ್‌ವೆಲ್ತ್ ಅಂಡ್ ಸದರ್ನ್ ಅನ್ನುವ ದೊಡ್ಡ ಕರೆಂಟ್ ಕಂಪನಿಯ ಅಧ್ಯಕ್ಷ. ರೂಸ್‌ವೆಲ್ಟ್ ಸರ್ಕಾರ ಟೆನೆಸ್ಸೀ ಕಣಿವೆಯಲ್ಲಿ ತಾನೇ ಡ್ಯಾಮು ಕಟ್ಟಿ ಕಡಿಮೆ ದರಕ್ಕೆ ಕರೆಂಟು ಮಾರಲು ಹೊರಟಿತು. ಈತ ವರ್ಷಗಟ್ಟಲೆ ಜಗಳವಾಡಿದ. ಕೊನೆಗೆ 1939ರಲ್ಲಿ ತನ್ನ ಕೈಕೆಳಗಿನ ಟೆನೆಸ್ಸೀಯ ಕಂಪನಿಯನ್ನು ಸರ್ಕಾರಕ್ಕೇ 7.86 ಕೋಟಿ ಡಾಲರಿಗೆ ಮಾರಿದ. ಮರುವರ್ಷ ಅದೇ ರೂಸ್‌ವೆಲ್ಟ್ ಎದುರು ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತ! ಅದಕ್ಕೆ ಮೊದಲು ಒಂದು ಚುನಾವಣೆಯನ್ನೂ ಗೆದ್ದವನಲ್ಲ. ಸೋತ. ಆದರೆ ಎರಡು ಕೋಟಿಗೂ ಹೆಚ್ಚು ವೋಟು ಬಿತ್ತು.

ನಮ್ಮಲ್ಲೂ ಹೀಗೇ ಒಬ್ಬರಿದ್ದರು. ಟಾಟಾ ಎಲೆಕ್ಟ್ರಿಕ್ ಕಂಪನಿಗಳ ಚೇರ್ಮನ್ ಆಗಿದ್ದ ನೇವಲ್ ಟಾಟಾ 1971ರಲ್ಲಿ ದಕ್ಷಿಣ ಮುಂಬೈಯಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತು ಸೋತರು. ಬಿಲ್ಲು ಕಳಿಸುವವನಿಗೆ ವೋಟು ಹಾಕುವುದು ಕಷ್ಟ ಅಂತ ನನ್ನ ಲೆಕ್ಕ.

ಇನ್ನು ಮುಂಬೈಯ ಲೈಟು, ಬಸ್ಸು ಎರಡೂ ನೋಡಿಕೊಳ್ಳುವ ನಮ್ಮ ಬೆಸ್ಟ್ ಮರೆತಿರಾ ಮಾಮ? 1947ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯಕ್ಕೆ ವಾರ ಮೊದಲು, ಮುನ್ಸಿಪಾಲಿಟಿ ಅದನ್ನು ಕೊಂಡಿತು. ಅಲ್ಲಿಂದ ಬೆಸ್ಟ್ ಸಮಿತಿಯ ಚೇರ್ಮನ್ ಕುರ್ಚಿಗೆ ಬಂದದ್ದು ಕಾರ್ಪೊರೇಟರುಗಳೇ. ಅಂದರೆ ರಾಜಕಾರಣಿಗಳೇ ಕರೆಂಟ್ ಧಂದೆ ನಡೆಸಿದ ಹಾಗಾಯಿತು ಅಲ್ವಾ? ಕೊಲಾಬಾದಿಂದ ಸಾಯನ್, ಮಾಹಿಮ್ ತನಕ ಲೈಟು ಅವರದು. ಲೈಟಿನಲ್ಲಿ ಬಂದದ್ದನ್ನು ಬಸ್ಸಿನ ನಷ್ಟಕ್ಕೆ ಸುರಿಯುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಜೋಸೆಫ್ ಚೇಂಬರ್ಲೇನ್ ಮೇಯರ್ ಆಗಿದ್ದಾಗ 1875ರಲ್ಲಿ ಊರಿನ ಗ್ಯಾಸ್ ಕಂಪನಿಗಳನ್ನು ಕೊಂಡು, ಲಾಭವನ್ನು ಊರಿಗೆ ಹಾಕಿದ. ಮರುವರ್ಷ ನೀರಿನ ಕಂಪನಿಯನ್ನೂ ಕೊಂಡ. ಅವನ ಮೂಲ ಕಸುಬು ಸ್ಕ್ರೂ ತಯಾರಿಕೆ. ಗ್ಯಾಸಿನ ಹಣದಲ್ಲಿ ಊರು ರಿಪೇರಿ, ಲೈಟಿನ ಹಣದಲ್ಲಿ ಬಸ್ಸು. ಬುದ್ಧಿ ಒಂದೇ.

ಡೊಂಬಿವ್ಲಿ ಲೋಕಲ್:

ಪೋಲೆಂಡಿನ ಲೆಕ್ ವಲೇಸಾ? ಎಲೆಕ್ಟ್ರಿಷಿಯನ್ ಆಗಿದ್ದ ಅಂತ ಓದಿದ ನೆನಪು.

ಮೀಟರ್ ಮಾಮ, ಗೋರೆಗಾಂವ್:

ಹೌದು, ಆದರೆ ಹಡಗುಕಟ್ಟೆಯಲ್ಲಿ. ಮನೆಮನೆಗೆ ಕರೆಂಟು ಕೊಡುವ ಕಂಪನಿಯಲ್ಲಿ ಅಲ್ಲ. ಆದರೂ ವೈರ್ ಮುಟ್ಟಿ ರಾಷ್ಟ್ರಾಧ್ಯಕ್ಷ ಆದವನು, ಅರ್ಧ ಮಾರ್ಕು ಖಂಡಿತ. ಕಟ್ಟೆಯವರೇ, ನಿಮ್ಮ ವಿಲ್ಕಿ ವಕೀಲ. ಅವನ ಕೋಟಿನ ತೋಳಿಗೆ ಗ್ರೀಸ್ ಹತ್ತಿರಲಿಕ್ಕಿಲ್ಲ.

ವಾಸ್ಕೋ ನಾವಿಕ, ಗೋವಾ:

ಗ್ರೀಸ್ ಹತ್ತಿದವ ನನ್ನ ಹತ್ತಿರ ಇದ್ದಾನೆ.

ಹಡಗಿನ ಎಂಜಿನ್ ರೂಮಿನಲ್ಲಿ ನನ್ನ ಜೊತೆ ಒಬ್ಬ ರಷ್ಯನ್ ಇದ್ದ. ಏನಾದರೂ ರಿಪೇರಿ ಮಾಡಿ ಮತ್ತೆ ಅದೇ ಕಡೆ ಎಣ್ಣೆ ಸೋರಿದರೆ ಒಂದೇ ಮಾತು ಹೇಳುತ್ತಿದ್ದ: "ಚೆನ್ನಾಗಿ ಮಾಡೋಣ ಅಂದುಕೊಂಡೆವು, ಆದದ್ದು ಎಂದಿನ ಹಾಗೇ." ಯಾರ ಮಾತು ಇದು ಅಂತ ಕೇಳಿದರೆ, ನಮ್ಮ ಪ್ರಧಾನಿ ಚೆರ್ನೊಮಿರ್ದಿನ್ ಅಂದ. 1993ರಲ್ಲಿ ನೋಟು ಬದಲಿಸಿದಾಗ ಆಡಿದ ಮಾತಂತೆ.

ಈ ಚೆರ್ನೊಮಿರ್ದಿನ್ ಓರ್ಸ್ಕ್ ಊರಿನ ತೈಲ ರಿಫೈನರಿಯಲ್ಲಿ ಮೆಕ್ಯಾನಿಕ್ ಆಗಿದ್ದವ. ಆಮೇಲೆ ಓರೆನ್‌ಬರ್ಗ್‌ನ ಗ್ಯಾಸ್ ಸ್ಥಾವರದ ಮುಖ್ಯಸ್ಥ. 1985ರಲ್ಲಿ ಸೋವಿಯತ್ ಗ್ಯಾಸ್ ಮಂತ್ರಿ. ಮಜಾ ಇರುವುದು ಮುಂದೆ. 1989ರಲ್ಲಿ ಆ ಸಚಿವಾಲಯವೇ ಗ್ಯಾಜ್‌ಪ್ರೋಮ್ ಅನ್ನುವ ಕಂಪನಿ ಆಯಿತು, ಮಂತ್ರಿಯೇ ಕಂಪನಿಯ ಯಜಮಾನ ಆದ. 1992ರಿಂದ 1998ರ ತನಕ ರಷ್ಯಾದ ಪ್ರಧಾನಿ. ಪಕ್ಕದ ಉಕ್ರೇನಿನಲ್ಲಿ ಯೂಲಿಯಾ ತಿಮೊಶೆಂಕೊ ಗ್ಯಾಸ್ ವ್ಯಾಪಾರ ಮಾಡಿ ಪ್ರಧಾನಿ ಆದವಳು. ಜನ ಗ್ಯಾಸ್ ರಾಜಕುಮಾರಿ ಅನ್ನುತ್ತಿದ್ದರು.

ನಮ್ಮ ಗೋವಾದಲ್ಲಿ ಕರೆಂಟು ಈಗಲೂ ಸರ್ಕಾರಿ ಇಲಾಖೆಯದೇ. ಕಂಪನಿ ಅಂತ ಬೇರೆ ಇಲ್ಲ. ಮಳೆಗಾಲದಲ್ಲಿ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಬೈಗುಳ ಸೀದಾ ಮಂತ್ರಿಗೇ ಹೋಗುತ್ತದೆ.

ಮೀಟರ್ ಮಾಮ, ಗೋರೆಗಾಂವ್:

ನಾವಿಕರೇ, ಗೆದ್ದಿರಿ. ಮೆಕ್ಯಾನಿಕ್‌ನಿಂದ ಪ್ರಧಾನಿ, ಗ್ಯಾಸೂ ಇದೆ. ಆದರೆ ಮಂತ್ರಿಯೇ ಇಲಾಖೆಯನ್ನು ಕಂಪನಿ ಮಾಡಿ ಅದರ ಮೇಲೆ ಕುಳಿತದ್ದು ನನಗೆ ಅಷ್ಟು ರುಚಿಸಲಿಲ್ಲ. ಅರ್ಧ ಮಾರ್ಕು ಕಡಿತ.

ಇಷ್ಟೆಲ್ಲ ಓದಿದ ಮೇಲೆ ನನಗೆ ನೆನಪಾದದ್ದು ನೀರಿನ ಧಂದೆ ಮಾಡದವರು. ನಮ್ಮ ಗೋರೆಗಾಂವ್‌ನ ಮೃಣಾಲ್ ಗೋರೆ. ಆಗ ನಮ್ಮ ಚಾಳಿಗೆ ಒಂದೇ ನಲ್ಲಿ. ಅಪ್ಪ ಹೋಟೆಲಿನಲ್ಲಿ ರಾತ್ರಿ ಪಾಳಿ. ಅಮ್ಮ ನಾಲ್ಕಕ್ಕೇ ಎದ್ದು ಕೊಡಪಾನ ಸಾಲಿಗೆ ಇಟ್ಟು, ಅದನ್ನು ಕಾಯಲು ನನ್ನನ್ನು ಕೂರಿಸುತ್ತಿದ್ದಳು. ನಾನು ಕೊಡಪಾನಕ್ಕೆ ಒರಗಿ ನಿದ್ದೆ ಮಾಡುತ್ತಿದ್ದೆ. ಮೃಣಾಲ್‌ತಾಯಿ ನೀರಿಗಾಗಿ ಹೆಂಗಸರನ್ನು ಕಟ್ಟಿಕೊಂಡು ಆಫೀಸುಗಳ ಬಾಗಿಲಿಗೆ ಹೋಗುತ್ತಿದ್ದರು. ಅದಕ್ಕೇ ಪಾನೀವಾಲಿ ಬಾಯಿ ಅಂತ ಹೆಸರು. ಮರಾಠಿ ಸರಿ ಬಾರದ ನಮ್ಮಮ್ಮ ಕೂಡ ಬೆಲೆಯೇರಿಕೆಯ ಮೋರ್ಚಾಕ್ಕೆ ಲಟ್ಟಣಿಗೆ ಹಿಡಿದು ಹೋದವಳು. ಆ ಲಟ್ಟಣಿಗೆ ಈಗಲೂ ನಮ್ಮನೆಯಲ್ಲಿದೆ, ಒಂದು ತುದಿ ಸೀಳಿದೆ. 1977ರಲ್ಲಿ ಮೃಣಾಲ್‌ತಾಯಿ ಲೋಕಸಭೆಗೆ ಗೆದ್ದರು, ಇಂದಿರಾ ಗಾಂಧಿ ಸೋತರು. ಆಗ ಬೀದಿಯಲ್ಲೆಲ್ಲ ಒಂದೇ ಘೋಷಣೆ: ಪಾನೀವಾಲಿ ಬಾಯಿ ದಿಲ್ಲಿ ಮೇ, ದಿಲ್ಲಿವಾಲಿ ಬಾಯಿ ಪಾನೀ ಮೇ. ಅಂದರೆ ನೀರಿನ ಹೆಂಗಸು ದಿಲ್ಲಿಯಲ್ಲಿ, ದಿಲ್ಲಿಯ ಹೆಂಗಸು ನೀರಿನಲ್ಲಿ. ನನಗೆ ಹದಿನೈದು ವರ್ಷ. ಗಂಟಲು ಕಟ್ಟುವ ತನಕ ಕೂಗಿದ್ದೆ.

ಧಾಯರಿ ಹೈದ, ಪುಣೆ:

ಮಾಮ, ನಿಮ್ಮದೇ ನಿಯಮದ ಪ್ರಕಾರ ಅವರಿಗೆ ಮಾರ್ಕು ಇಲ್ಲ. ಅವರು ವಾಲ್ವ್ ತಿರುಗಿಸಿದವರಲ್ಲ.

ಮೀಟರ್ ಮಾಮ, ಗೋರೆಗಾಂವ್:

ಹೌದಪ್ಪ, ಒಪ್ಪಿದೆ. ಆದರೆ ವಾಲ್ವ್ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಚಾವಿವಾಲಾನಿಗೆ ಈ ಪಟ್ಟಿ ಓದಿ ಹೇಳಿದೆ. ವಿಲ್ಕಿ, ಚೆರ್ನೊಮಿರ್ದಿನ್, ಎಲ್ಲ. ಅವನು ಸುಮ್ನೆ ಕೇಳಿಸಿಕೊಂಡ. ಕೊನೆಗೆ, "ಕಾಕಾ, ಮಾತಾಡಿಸಬೇಡಿ, ಸುತ್ತು ಎಣಿಸೋದು ತಪ್ಪಿತು" ಅಂದು ಮೊದಲಿಂದ ಶುರು ಮಾಡಿದ. ಆ ಗಲಾಟೆಯಲ್ಲಿ ನಮ್ಮ ಟಾಂಕಿ ಅರ್ಧವೇ ತುಂಬಿದೆ. ಸೆಕ್ರೆಟರಿ ನನ್ನನ್ನು ಹುಡುಕುತ್ತಿದ್ದಾರಂತೆ.