ನೀಟ್ ರಸಾಯನಶಾಸ್ತ್ರದ ಪುನರಾವರ್ತನೆ: ಓದಿದ್ದು ಪ್ರಶ್ನೆಪತ್ರಿಕೆಯ ಮುಂದೆ ಏಕೆ ಕೈಕೊಡುತ್ತದೆ?

ಪ್ರಶ್ನೆ (ಅಫಜಲಪುರ ತಾಲ್ಲೂಕಿನ ವಿದ್ಯಾರ್ಥಿನಿ, ದ್ವಿತೀಯ ಪಿಯು):

ನಮಸ್ಕಾರ ಮೇಡಂ. ನಾನು ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಈಗ ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ನೀಟ್ ಪರೀಕ್ಷೆಗೆ ಸಿದ್ಧತೆ ನಡೆಸಿದ್ದೇನೆ. ರಸಾಯನಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಮೂರು ಬಾರಿ ಓದಿ ಮುಗಿಸಿದ್ದೇನೆ. ಓದುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ. ಆದರೆ ಕಳೆದ ವಾರದ ಮಾದರಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದ 45 ಪ್ರಶ್ನೆಗಳ ಪೈಕಿ 19 ಸರಿ, 14 ತಪ್ಪು, 12 ಬಿಟ್ಟಿದ್ದು. ಒಟ್ಟು 180ಕ್ಕೆ 62 ಅಂಕ ಬಂದಿದೆ. ಪರೀಕ್ಷೆಗೆ ಹತ್ತು ವಾರ ಉಳಿದಿದೆ. ನಾಲ್ಕನೆಯ ಬಾರಿ ಓದಬೇಕೇ, ಅಥವಾ ಬೇರೆ ದಾರಿ ಇದೆಯೇ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ, ಕಲಬುರಗಿ):

ತಂಗಿ, ನಾಲ್ಕನೆಯ ಬಾರಿ ಮೊದಲ ಪುಟದಿಂದ ಓದುವುದು ಬೇಡ. ಮೂರು ಸಲ ಕಣ್ಣಾಡಿಸಿದ ಪುಟ ಪರಿಚಿತವಾಗಿ ಕಾಣುತ್ತದೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದು ಭಾವಿಸಿಬಿಡುತ್ತೇವೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮುಂದೆ ಕುಳಿತು, ಆ ಅಧ್ಯಾಯದಲ್ಲಿ ಏನಿದೆ ಎಂಬುದನ್ನು ನೆನಪಿನಿಂದಲೇ ಬರೆಯತೊಡಗಿದಾಗ ಎಲ್ಲಿ ಪೆನ್ನು ನಿಲ್ಲುತ್ತದೆಯೋ ಅಲ್ಲಿಂದ ನಿನ್ನ ಪುನರಾವರ್ತನೆ ಆರಂಭವಾಗಬೇಕು.

ಅದಕ್ಕಿಂತ ಮೊದಲು ಆ 14 ತಪ್ಪುಗಳನ್ನು ಎದುರಿಗಿಟ್ಟುಕೊ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಹಾಗಾಗಿ ನಿನ್ನ 14 ತಪ್ಪುಗಳು ಬರಬೇಕಿದ್ದ 56 ಅಂಕಗಳನ್ನು ತಡೆದದ್ದಲ್ಲದೆ, ಬಂದ ಅಂಕಗಳಲ್ಲಿಯೂ 14ನ್ನು ಕಿತ್ತುಕೊಂಡಿವೆ. ಒಂದು ನೋಟ್‌ಬುಕ್ಕನ್ನು ತಪ್ಪುಗಳಿಗೆಂದೇ ಇಟ್ಟು, ಪ್ರತಿಯೊಂದು ತಪ್ಪಿನ ಎದುರಿಗೆ ಅದರ ಕಾರಣವನ್ನು ನಿನ್ನದೇ ಮಾತಿನಲ್ಲಿ ಒಂದು ವಾಕ್ಯದಲ್ಲಿ ಬರೆ: ವಿಷಯವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಏಕಮಾನದಲ್ಲಿ ಎಡವಿದೆಯೋ, ‘ಇವುಗಳಲ್ಲಿ ತಪ್ಪಾದ ಹೇಳಿಕೆ ಯಾವುದು’ ಎಂಬುದನ್ನು ‘ಸರಿಯಾದ ಹೇಳಿಕೆ’ ಎಂದು ಓದಿಕೊಂಡೆಯೋ. ನನ್ನ ಅನುಭವದಲ್ಲಿ ಅರ್ಧದಷ್ಟು ತಪ್ಪುಗಳು ಅಜ್ಞಾನದಿಂದ ಆದವಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅಂಕ ಕಡಿಮೆ ಬಂದವರಿಗೆಲ್ಲ ‘ಇನ್ನೂ ಓದು’ ಎಂದಷ್ಟೇ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತು ಅವನು ಲೆಕ್ಕ ಮಾಡುವುದನ್ನು ಆರಂಭದಿಂದ ಕೊನೆಯವರೆಗೆ ನೋಡಿದಾಗ, ಅವನಿಗೆ ಸೂತ್ರ ಗೊತ್ತಿತ್ತು, ಜೂಲ್ ಮತ್ತು ಕಿಲೋಜೂಲ್‌ಗಳನ್ನು ಒಂದೇ ಸಾಲಿನಲ್ಲಿ ಬೆರೆಸಿದ್ದ. ಅಂದಿನಿಂದ ಆ ಮಾತನ್ನು ಬಿಟ್ಟೆ.

ಇನ್ನು ಭೌತ ರಸಾಯನಶಾಸ್ತ್ರವನ್ನು ಅಧ್ಯಾಯಗಳ ಕ್ರಮದಲ್ಲಿ ತಿರುವಿಹಾಕುವ ಬದಲು, ಒಂದೇ ಕ್ರಿಯೆಯನ್ನು ಹಿಡಿದು ಹಲವು ಅಧ್ಯಾಯಗಳೊಳಗೆ ಹೋಗಿ ಬಾ. ನಮ್ಮ ಜಿಲ್ಲೆಯವರಿಗೆ ಅದಕ್ಕೆ ಸುಣ್ಣದ ಕಲ್ಲಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ನಿನ್ನ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲೂ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳು ಗೂಡಿಗೆ ಹಾಕುವ ಕಲ್ಲೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಾಸಿದರೆ ಸುಟ್ಟ ಸುಣ್ಣವಾಗಿ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ.

ಮೊದಲು ಮೋಲ್ ಪರಿಕಲ್ಪನೆ. 80 ಶೇಕಡಾ ಶುದ್ಧತೆಯ 25 ಗ್ರಾಂ ಕಲ್ಲನ್ನು ಪೂರ್ತಿಯಾಗಿ ಕಾಸಿದೆವು ಎಂದುಕೊ. ಶುದ್ಧ ಕಾರ್ಬೊನೇಟ್ 20 ಗ್ರಾಂ, ಮೋಲಾರ್ ರಾಶಿ 100, ಹಾಗಾಗಿ 0.2 ಮೋಲ್. ಹೊರಬರುವ ಅನಿಲ 8.8 ಗ್ರಾಂ, ಸುಟ್ಟ ಸುಣ್ಣ 11.2 ಗ್ರಾಂ. ‘ಉಳಿಯುವ ಘನ ಶೇಷ ಎಷ್ಟು’ ಎಂದು ಕೇಳಿದರೆ ಉತ್ತರ 11.2 ಅಲ್ಲ, 16.2, ಏಕೆಂದರೆ 5 ಗ್ರಾಂ ಕಲ್ಮಶವೂ ಅಲ್ಲಿಯೇ ಇದೆ. ಅನಿಲದ ಗಾತ್ರ ಕೇಳಿದಾಗ ಒತ್ತಡವನ್ನು ಗಮನಿಸು: 273 ಕೆಲ್ವಿನ್‌ನಲ್ಲಿ 1 ಅಟ್ಮಾಸ್ಫಿಯರ್ ಎಂದಿದ್ದರೆ ಪ್ರತಿ ಮೋಲ್‌ಗೆ 22.4 ಲೀಟರ್, 1 ಬಾರ್ ಎಂದಿದ್ದರೆ 22.7 ಲೀಟರ್. ಆಯ್ಕೆಗಳಲ್ಲಿ 4.48 ಮತ್ತು 4.54 ಎರಡೂ ಇದ್ದರೆ ಗಾಬರಿಯಾಗದೆ ಪ್ರಶ್ನೆಯ ಮೊದಲ ಸಾಲಿಗೆ ಹಿಂದಿರುಗಿ ನೋಡಬೇಕು.

ಅದೇ ಕಲ್ಲು ಉಷ್ಣಗತಿ ವಿಜ್ಞಾನದಲ್ಲಿ ಮತ್ತೆ ಬರುತ್ತದೆ. ಈ ವಿಭಜನೆಯ ಎಂಥಾಲ್ಪಿ ಬದಲಾವಣೆ ಪ್ರತಿ ಮೋಲ್‌ಗೆ ಸುಮಾರು 178 ಕಿಲೋಜೂಲ್, ಎಂಟ್ರೋಪಿ ಬದಲಾವಣೆ ಪ್ರತಿ ಮೋಲ್‌ಗೆ, ಪ್ರತಿ ಕೆಲ್ವಿನ್‌ಗೆ ಸುಮಾರು 160 ಜೂಲ್. ಮೊದಲನೆಯದನ್ನು ಜೂಲ್‌ಗೆ ಪರಿವರ್ತಿಸಿ ಎರಡನೆಯದರಿಂದ ಭಾಗಿಸಿದರೆ ಸುಮಾರು 1112 ಕೆಲ್ವಿನ್, ಅಂದರೆ 840 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದಕ್ಕೂ ಮೇಲಿನ ಉಷ್ಣಾಂಶದಲ್ಲಿ ಕ್ರಿಯೆ ಸ್ವಯಂಪ್ರೇರಿತ. ಪರಿವರ್ತಿಸುವುದನ್ನು ಮರೆತರೆ ಉತ್ತರ 1.1 ಕೆಲ್ವಿನ್ ಎಂದು ಬರುತ್ತದೆ. ಸುಣ್ಣದ ಗೂಡಿನ ಬೆಂಕಿಯನ್ನು ಹತ್ತಿರದಿಂದ ನೋಡಿದ ನಮ್ಮ ಭಾಗದ ಮಕ್ಕಳಿಗೆ ಆ ಸಂಖ್ಯೆ ಅಸಾಧ್ಯವೆಂದು ತಕ್ಷಣ ಹೊಳೆಯಬೇಕು. ಬಂದ ಉತ್ತರ ಲೋಕದಲ್ಲಿ ಇರಲು ಸಾಧ್ಯವೇ ಎಂದು ಒಂದು ಕ್ಷಣ ಕೇಳಿಕೊಳ್ಳುವ ಅಭ್ಯಾಸವನ್ನು ನಾನು ಯಾವ ಸೂತ್ರಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದೆಂದು ನಂಬಿದ್ದೇನೆ.

ಮುಚ್ಚಿದ ಪಾತ್ರೆಯಲ್ಲಿ ಇದೇ ಕ್ರಿಯೆ ಸಮತೋಲನಕ್ಕೆ ಬಂದರೆ, ಒತ್ತಡದ ರೂಪದ ಸಮತೋಲನ ಸ್ಥಿರಾಂಕವು ಇಂಗಾಲದ ಡೈಆಕ್ಸೈಡ್‌ನ ಆಂಶಿಕ ಒತ್ತಡಕ್ಕೆ ಸಮ. ಘನವಸ್ತುಗಳು ಸಮೀಕರಣದೊಳಗೆ ಬರುವುದಿಲ್ಲವಾದ್ದರಿಂದ, ಇನ್ನೊಂದು ಹಿಡಿ ಕಲ್ಲು ಹಾಕಿದರೂ ಸಮತೋಲನ ಕದಲುವುದಿಲ್ಲ. ಹೊರಬಂದ ಅನಿಲವನ್ನು ಸುಣ್ಣದ ತಿಳಿಯಲ್ಲಿ ಹಾಯಿಸಿದರೆ ಅದು ಹಾಲಿನಂತಾಗುವುದು, ಹೆಚ್ಚು ಹಾಯಿಸಿದರೆ ಬೈಕಾರ್ಬೊನೇಟ್ ಆಗಿ ಮತ್ತೆ ತಿಳಿಯಾಗುವುದು ಲವಣ ವಿಶ್ಲೇಷಣೆಯ ಪಾಠ. ಒಂದು ಹಾಳೆಯ ನಡುವೆ ‘ಸುಣ್ಣದ ಕಲ್ಲು’ ಎಂದು ಬರೆದು ಸುತ್ತಲೂ ಇವೆಲ್ಲವನ್ನೂ ನೆನಪಿನಿಂದ ಬರೆದು ನೋಡು. ನಾಲ್ಕು ಅಧ್ಯಾಯಗಳು ಒಂದು ಸಂಜೆಯಲ್ಲಿ ಪರೀಕ್ಷೆಗೊಳಗಾಗುತ್ತವೆ.

ಪ್ರಶ್ನೆ (ಬೀದರ್‌ನ ವಿದ್ಯಾರ್ಥಿ):

ಮೇಡಂ, ವಿದ್ಯುದ್ರಸಾಯನದಲ್ಲಿ ಯಾವುದು ಉತ್ಕರ್ಷಣ, ಯಾವುದು ಅಪಕರ್ಷಣ, ಯಾವ ಚಿಹ್ನೆ ಎಲ್ಲಿ ಬರುತ್ತದೆ ಎಂಬುದು ಪ್ರತಿ ಬಾರಿಯೂ ಅದಲುಬದಲಾಗುತ್ತದೆ. ಬಾಯಿಪಾಠ ಮಾಡಿದ್ದು ಎರಡು ದಿನವೂ ನಿಲ್ಲುವುದಿಲ್ಲ.

ಉತ್ತರ:

ನಿಮ್ಮ ಊರಿನಲ್ಲಿ ಬಿದ್ರಿ ಕುಶಲಕರ್ಮಿಗಳು ಕೆಲಸ ಮಾಡುವುದನ್ನು ಒಮ್ಮೆ ಹೋಗಿ ನೋಡು. ಬಿದ್ರಿ ಪಾತ್ರೆಯ ಮಿಶ್ರಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು ನಯಗೊಳಿಸಿದ ಮೇಲೆ, ಕೆತ್ತಬೇಕಾದ ಚಿತ್ತಾರ ಎದ್ದು ಕಾಣಲೆಂದು ಅದರ ಮೇಲ್ಮೈಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಸವರುತ್ತಾರೆ. ಬೆಳ್ಳಗಿದ್ದ ಲೋಹ ನೋಡನೋಡುತ್ತಿದ್ದಂತೆ ಕಪ್ಪಾಗುತ್ತದೆ. ಸತು ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ದ್ರಾವಣಕ್ಕೆ ಇಳಿಯುತ್ತದೆ, ತಾಮ್ರದ ಅಯಾನು ಅವನ್ನು ಪಡೆದು ಲೋಹವಾಗಿ ಮೇಲ್ಮೈ ಮೇಲೆ ಕೂರುತ್ತದೆ. ಕೊಟ್ಟದ್ದು ಉತ್ಕರ್ಷಣ, ಪಡೆದದ್ದು ಅಪಕರ್ಷಣ. ಇದು ಪಠ್ಯಪುಸ್ತಕದ ಡೇನಿಯಲ್ ಕೋಶದ ಕ್ರಿಯೆಯೇ ಹೊರತು ಬೇರೆಯಲ್ಲ; ಕೋಶದಲ್ಲಿ ಆ ಎಲೆಕ್ಟ್ರಾನುಗಳು ನೇರವಾಗಿ ಹೋಗದಂತೆ ತಡೆದು ತಂತಿಯ ಮೂಲಕ ಸುತ್ತಿಸುತ್ತೇವೆ, ಅಷ್ಟೆ.

ಇನ್ನು ಸಂಖ್ಯೆಗಳು. ಸತುವಿನ ಪ್ರಮಾಣಿತ ಅಪಕರ್ಷಣ ವಿಭವ ಋಣ 0.76 ವೋಲ್ಟ್, ತಾಮ್ರದ್ದು ಧನ 0.34, ಬೆಳ್ಳಿಯದ್ದು ಧನ 0.80. ಎರಡನ್ನೂ ಅಪಕರ್ಷಣ ವಿಭವಗಳಾಗಿಯೇ ಇಟ್ಟು, ಕ್ಯಾಥೋಡಿನದರಿಂದ (ಅಪಕರ್ಷಣ ನಡೆಯುವ ಕಡೆ) ಆನೋಡಿನದನ್ನು (ಉತ್ಕರ್ಷಣ ನಡೆಯುವ ಕಡೆ) ಕಳೆ: 0.34ರಿಂದ ಋಣ 0.76 ಕಳೆದರೆ 1.10 ವೋಲ್ಟ್. ಚಿಹ್ನೆ ತಿರುಗಿಸುವ ಇನ್ನೊಂದು ವಿಧಾನವನ್ನು ಇದರೊಂದಿಗೆ ಬೆರೆಸಬೇಡ. ನಿನ್ನ ಗೊಂದಲದ ಮೂಲ ಬಹುಶಃ ಅಲ್ಲಿಯೇ ಇದೆ. ಸತು ಮತ್ತು ಬೆಳ್ಳಿಯ ಕೋಶದಲ್ಲಿ ಸಮೀಕರಣ ಸರಿದೂಗಿಸಲು ಬೆಳ್ಳಿಯ ಅರ್ಧಕ್ರಿಯೆಯನ್ನು ಎರಡರಿಂದ ಗುಣಿಸುತ್ತೇವೆ, ಆದರೆ 0.80ನ್ನು ಗುಣಿಸುವುದಿಲ್ಲ, ಉತ್ತರ 1.56 ವೋಲ್ಟ್. ಎಲೆಕ್ಟ್ರಾನುಗಳ ಸಂಖ್ಯೆ ಲೆಕ್ಕಕ್ಕೆ ಬರುವುದು ಗಿಬ್ಸ್ ಶಕ್ತಿಯಲ್ಲಿ: ಡೇನಿಯಲ್ ಕೋಶಕ್ಕೆ ಎಲೆಕ್ಟ್ರಾನುಗಳ ಸಂಖ್ಯೆ 2, ಫ್ಯಾರಡೆ ಸ್ಥಿರಾಂಕ 96500 ಮತ್ತು 1.10ನ್ನು ಗುಣಿಸಿ ಋಣ ಚಿಹ್ನೆ ಹಾಕಿದರೆ ಋಣ 212.3 ಕಿಲೋಜೂಲ್.

ಕೊನೆಯಲ್ಲಿ ಪಾತ್ರೆಗೆ ಶಾಶ್ವತ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪನದಿಂದ. ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ. ಆ ನವಸಾಗರವೇ ನಿನ್ನ ಪ್ರಯೋಗಾಲಯದ ಅಮೋನಿಯಂ ಕ್ಲೋರೈಡ್. ಲವಣ ವಿಶ್ಲೇಷಣೆಯ ಮೂರನೆಯ ಗುಂಪಿನ ಕ್ಯಾಟಯಾನುಗಳನ್ನು ಹುಡುಕುವಾಗ ಅಮೋನಿಯಂ ಹೈಡ್ರಾಕ್ಸೈಡಿಗೆ ಮೊದಲು ಅದನ್ನೇಕೆ ಸೇರಿಸುತ್ತೇವೆ ಎಂಬುದು ಕೇಳಬಹುದಾದ ಪ್ರಶ್ನೆ: ಸಾಮಾನ್ಯ ಅಯಾನು ಪರಿಣಾಮದಿಂದ ಹೈಡ್ರಾಕ್ಸೈಡ್ ಅಯಾನುಗಳ ಸಾಂದ್ರತೆ ತಗ್ಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಒತ್ತರವಾಗಿ ಇಳಿಯುತ್ತವೆ, ಸತು, ಮೆಗ್ನೀಸಿಯಂ ದ್ರಾವಣದಲ್ಲೇ ಉಳಿಯುತ್ತವೆ.

ಪ್ರಶ್ನೆ (ಶಹಾಪುರದ ಪಾಲಕರು, ಯಾದಗಿರಿ ಜಿಲ್ಲೆ):

ಮೇಡಂ ಅವರೇ, ನನ್ನ ಮಗ ಎರಡನೆಯ ಬಾರಿ ಬರೆಯುತ್ತಿದ್ದಾನೆ. ಅವನ ಬಳಿ ಇರುವುದು ಸೋದರಮಾವನ ಮಗ ಬಳಸಿದ ಹಳೆಯ ಪುಸ್ತಕಗಳು. ಅವು ಸಾಕೇ? ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ತೆಗೆದುಕೊಂಡರೆ ಅನುಕೂಲವೇ?

ಉತ್ತರ:

ಪುಸ್ತಕಗಳು ಸಾಕು, ಆದರೆ ಎಲ್ಲ ಅಧ್ಯಾಯಗಳೂ ಬೇಕಿಲ್ಲ. 2024ರ ಪರೀಕ್ಷೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಕ್ರಮವನ್ನು ಪರಿಷ್ಕರಿಸಿದಾಗ ಘನಸ್ಥಿತಿ, ದ್ರವ್ಯದ ಸ್ಥಿತಿಗಳು, ಮೇಲ್ಮೈ ರಸಾಯನ, ಜಲಜನಕ, ಎಸ್ ಬ್ಲಾಕ್, ಲೋಹಗಳ ಉದ್ಧರಣೆ, ಪಾಲಿಮರ್‌ಗಳು, ಪರಿಸರ ರಸಾಯನ, ದೈನಂದಿನ ಜೀವನದ ರಸಾಯನ ಇವನ್ನು ಕೈಬಿಟ್ಟಿತು. ಅದೇ ಪರಿಷ್ಕರಣೆಯಲ್ಲಿ ಪ್ರಾಯೋಗಿಕ ರಸಾಯನವನ್ನು ಪ್ರತ್ಯೇಕ ಘಟಕವಾಗಿ ಸೇರಿಸಿತು. ಈ ವರ್ಷದ ಅಧಿಕೃತ ಪಠ್ಯಕ್ರಮವನ್ನು ತೆಗೆದುಕೊಂಡು, ಹಳೆಯ ಪುಸ್ತಕದ ಪರಿವಿಡಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಲು ಮಗನಿಗೆ ಹೇಳಿ. ಪ್ರಾಯೋಗಿಕ ಭಾಗವನ್ನು ಎರಡನೆಯ ಬಾರಿ ಬರೆಯುವವರು ಹೆಚ್ಚಾಗಿ ಕಡೆಗಣಿಸುತ್ತಾರೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಅನುಮಾಪನದಲ್ಲಿ ಆಕ್ಸಾಲಿಕ್ ಆಮ್ಲವನ್ನು ಬಿಸಿ ಮಾಡುತ್ತೇವೆ, ಫೆರಸ್ ಅಯಾನು ಇರುವ ಮೋರ್ ಲವಣವನ್ನು ಬಿಸಿ ಮಾಡುವುದಿಲ್ಲ, ಏಕೆಂದರೆ ಬಿಸಿಯಲ್ಲಿ ಫೆರಸ್ ಅಯಾನು ಗಾಳಿಯಿಂದಲೇ ಉತ್ಕರ್ಷಣಗೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವುದಿಲ್ಲ, ಏಕೆಂದರೆ ಪರ್ಮಾಂಗನೇಟ್ ಅದನ್ನು ಕ್ಲೋರಿನ್ ಆಗಿಸಿಬಿಡುತ್ತದೆ. ಇಂತಹ ಕಾರಣಗಳನ್ನು ಬರೆದಿಟ್ಟುಕೊಂಡರೆ ಈ ಘಟಕ ಅಂಕ ಕೊಡುತ್ತದೆ.

ಕನ್ನಡವನ್ನು ಆರಿಸಿಕೊಂಡವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲ ಕಂಡರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ಪಿಯುನಲ್ಲಿ ಎರಡು ವರ್ಷ ಇಂಗ್ಲಿಷ್ ಪರಿಭಾಷೆಯಲ್ಲೇ ಓದಿದ ಹುಡುಗನಿಗೆ ಪತ್ರಿಕೆಯ ಕನ್ನಡ ಪದಗಳು ಅಪರಿಚಿತವಾಗಿ ಕಾಣಬಹುದು. ಹಿಂದಿನ ವರ್ಷದ ಕನ್ನಡ ಪತ್ರಿಕೆಯೊಂದನ್ನು ಮನೆಯಲ್ಲಿ ಬಿಡಿಸಿ ನೋಡಲಿ, ನಂತರ ಅವನೇ ತೀರ್ಮಾನಿಸಲಿ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ):

ಮೇಡಂ, ನೀವು ಹೇಳಿದಂತೆ 14 ತಪ್ಪುಗಳನ್ನು ಬರೆದೆ. ಆರು ಸಾವಯವ ರಸಾಯನದವು. ಮೂರು ಏಕಮಾನದವು. ಉಳಿದವುಗಳಲ್ಲಿ ಒಂದಕ್ಕೆ ಕಾರಣವೇ ತಿಳಿಯಲಿಲ್ಲ: 10ರ ಋಣ 8ನೇ ಘಾತದಷ್ಟು ಮೋಲಾರಿಟಿಯ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಎಂದು ಬರೆದಿದ್ದೆ.

ಉತ್ತರ:

ಪಿಎಚ್ 8 ಎಂದರೆ ಪ್ರತ್ಯಾಮ್ಲ. ಆಮ್ಲಕ್ಕೆ ನೀರು ಎಷ್ಟೇ ಬೆರೆಸಿದರೂ ಅದು ಪ್ರತ್ಯಾಮ್ಲವಾಗಲು ಸಾಧ್ಯವೇ ಎಂದು ನಿನ್ನನ್ನು ನೀನೇ ಕೇಳಿಕೊ. ಅಷ್ಟು ತೆಳುವಾದ ದ್ರಾವಣದಲ್ಲಿ ನೀರು ತಾನೇ ಬಿಡುವ ಹೈಡ್ರೋಜನ್ ಅಯಾನುಗಳು ಆಮ್ಲದ ಅಯಾನುಗಳಿಗಿಂತ ಹೆಚ್ಚಿರುತ್ತವೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಪಿಎಚ್ 6.98.

ಸಾವಯವದ ಆರು ತಪ್ಪುಗಳಿಗೆ ಹೆಸರಾಂತ ಕ್ರಿಯೆಗಳ ಪಟ್ಟಿಯನ್ನು ಮತ್ತೆ ಉರುಹೊಡೆಯಬೇಡ. ಪ್ರತಿ ಕ್ರಿಯೆಯ ಎದುರು ‘ಯಾವಾಗ ನಡೆಯುವುದಿಲ್ಲ’ ಎಂದು ಬರೆ. ಆಲ್ಫಾ ಹೈಡ್ರೋಜನ್ ಇಲ್ಲದ ಆಲ್ಡಿಹೈಡ್ ತಾನೊಂದೇ ಆಲ್ಡಾಲ್ ಕ್ರಿಯೆಗೆ ಒಳಗಾಗದು. ಸಾಂದ್ರ ಕ್ಷಾರದಲ್ಲಿ ಅದಕ್ಕೆ ಕ್ಯಾನಿಜಾರೊ ಕ್ರಿಯೆ. ಅನಿಲಿನ್ ಫ್ರೀಡಲ್–ಕ್ರಾಫ್ಟ್ಸ್ ಕ್ರಿಯೆಗೆ ಒಲಿಯದು, ಏಕೆಂದರೆ ಅದು ಅಲ್ಯೂಮಿನಿಯಂ ಕ್ಲೋರೈಡ್ ಜೊತೆ ಲವಣವಾಗಿಬಿಡುತ್ತದೆ. ಅದೇ ಅನಿಲಿನ್ ಅನ್ನು ನೇರವಾಗಿ ನೈಟ್ರೀಕರಿಸಿದರೆ ಪ್ಯಾರಾ 51, ಮೆಟಾ 47, ಆರ್ಥೋ ಕೇವಲ 2 ಶೇಕಡಾ ಸಿಗುತ್ತದೆ. ಪ್ರಬಲ ಆಮ್ಲದಲ್ಲಿ ಅದು ಅನಿಲಿನಿಯಂ ಅಯಾನಾಗಿ ಮೆಟಾ ಕಡೆಗೆ ತಿರುಗುತ್ತದೆಯಾದ್ದರಿಂದ ಈ ಅನಿರೀಕ್ಷಿತ ಮೆಟಾ. ಪ್ರಶ್ನೆ ತಯಾರಿಸುವವರು ಹೆಚ್ಚಾಗಿ ಇಂತಹ ಅಪವಾದಗಳ ಬಳಿಯೇ ಕಾಯುತ್ತಿರುತ್ತಾರೆ.

ಇನ್ನೊಂದು ಮಾತು, ನಮ್ಮ ಊರಿನ ಬಿಸಿಲನ್ನು ನೆನೆದು ಹೇಳುತ್ತಿದ್ದೇನೆ. 2025ರಲ್ಲಿ ಪರೀಕ್ಷೆ ಮೇ 4ರ ಮಧ್ಯಾಹ್ನ 2ರಿಂದ 5ರವರೆಗೆ ನಡೆಯಿತು: 180 ನಿಮಿಷ, 180 ಪ್ರಶ್ನೆ. ಓದಲು ಬೆಳಗಿನ ಜಾವವೇ ಹಿತ, ಅದನ್ನು ಬಿಡಬೇಡ. ಆದರೆ ಭಾನುವಾರದ ಮಾದರಿ ಪರೀಕ್ಷೆಯನ್ನು ಮಧ್ಯಾಹ್ನ ಎರಡಕ್ಕೇ ಕುಳಿತು ಬರೆ, ರಸಾಯನಶಾಸ್ತ್ರಕ್ಕೆ 50 ನಿಮಿಷ ಮೀರದಂತೆ ಗಡಿಯಾರ ಎದುರಿಗಿಟ್ಟುಕೊ. ಮುಂದಿನ ಭಾನುವಾರದ ಪತ್ರಿಕೆಯ ತಪ್ಪುಗಳ ಪಟ್ಟಿಯನ್ನು, ಕಾರಣಗಳ ಸಮೇತ, ಇಲ್ಲಿಯೇ ಹಾಕು, ನೋಡಿ ಉತ್ತರಿಸುತ್ತೇನೆ.