ಎರಡು ಕೈ ಸ್ಕ್ವೇರ್ ಒಟ್ಟು ಸೇರಿಸಿ ಸಂಭವನೀಯತೆ ತೆಗೆಯೋದು ಹೇಗೆ?

ಸುಂಟಿಕೊಪ್ಪದವಳು:
ಅಪ್ಪನ ಕಾಫಿ ಮಾಯಿಶ್ಚರ್ ಮೀಟರ್ ಜೊತೆ ಬಂದ ಹಾಳೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡುತ್ತವೆ ಅನ್ನೋದು) 0.5 ಅಂತ ಇದೆ. ನಿಜವಾ ನೋಡೋಣ ಅಂತ ರೊಬಸ್ಟಾ ಚೆರಿಯ ಒಂದೇ ಮಾದರಿಯನ್ನು 3 ಸಲ ಅಳೆದೆ, ಅರೇಬಿಕಾ ಪಾರ್ಚ್‌ಮೆಂಟ್ 5 ಸಲ. ಸರಾಸರಿಯಿಂದ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ 0.5ರ ವರ್ಗ 0.25ರಿಂದ ಭಾಗಿಸಿದರೆ ರೊಬಸ್ಟಾಕ್ಕೆ 4, ಅರೇಬಿಕಾಕ್ಕೆ 8 ಬಂತು; ಇವೇ ನನ್ನ ಎರಡು ಕೈ ಸ್ಕ್ವೇರ್. ಡಿಗ್ರಿ ಆಫ್ ಫ್ರೀಡಮ್ (ಇಲ್ಲಿ ಅಳತೆಗಳ ಸಂಖ್ಯೆಗಿಂತ ಒಂದು ಕಡಿಮೆ) 2 ಮತ್ತು 4. ಬಾಲದ ಸಂಭವನೀಯತೆ (ಹಾಳೆಯ 0.5 ನಿಜವಾಗಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ಬರುವ ಸಾಧ್ಯತೆ) 0.135 ಮತ್ತು 0.092. ಇವೆರಡನ್ನೂ ಗುಣಿಸಿದರೆ 0.012. ಮೀಟರ್ ಸರಿಯಿಲ್ಲ ಅಂತ ಅಪ್ಪನಿಗೆ ಹೇಳಿಬಿಡಲಾ?

ಕಾಳುಮೆಣಸು:
ಗುಣಿಸಬೇಡಿ. ಒಟ್ಟು 12. ಡಿಗ್ರಿ ಒಟ್ಟು 6, ಹಾಗಾಗಿ ಕೈ ಸ್ಕ್ವೇರ್‌ನ ಸರಾಸರಿ 6, ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್‌ನ ವರ್ಗ) ಅದರ ಎರಡರಷ್ಟು, 12. ನಾರ್ಮಲ್ (ಎರಡೂ ಕಡೆ ಸಮನಾದ ಗಂಟೆಯಾಕಾರದ ವಿತರಣೆ) ಟೇಬಲ್ ನೋಡಿದರೆ 0.042. ಮೀಟರ್ ಮೇಲೆ ಅನುಮಾನ ಪಡಬಹುದು.

ಮಡಿಕೇರಿ ಮೇಷ್ಟ್ರು:
ಸ್ವಲ್ಪ ತಡೀರಿ, ಇಬ್ಬರೂ ಅವಸರ ಮಾಡ್ತಿದ್ದೀರಿ.

ನೋಡಮ್ಮಾ, 0.012 ಅನ್ನೋದು ಬೇರೆಯೇ ಪ್ರಶ್ನೆಗೆ ಉತ್ತರ: ಮೊದಲನೆಯದು 4 ದಾಟಿ, ಜೊತೆಗೆ ಎರಡನೆಯದು 8 ದಾಟುವ ಸಂಭವನೀಯತೆ. ಒಟ್ಟು 12 ದಾಟೋಕೆ ಅದೊಂದೇ ದಾರಿಯಲ್ಲ. ಮೊದಲನೆಯದು 1, ಎರಡನೆಯದು 11.5 ಆದರೂ ದಾಟಿತು, ಅಲ್ವಾ? ಅದೆಲ್ಲವೂ ಲೆಕ್ಕಕ್ಕೆ ಬರಬೇಕು.

ಸ್ವತಂತ್ರವಾದ ಕೈ ಸ್ಕ್ವೇರ್‌ಗಳನ್ನು ಕೂಡಿಸಿದರೆ ಮತ್ತೆ ಕೈ ಸ್ಕ್ವೇರೇ ಸಿಗುತ್ತದೆ, ಡಿಗ್ರಿಗಳು ಕೂಡುತ್ತವೆ. ಇಲ್ಲಿ 2 + 4 = 6. ಡಿಗ್ರಿ ಸಮಸಂಖ್ಯೆ ಆಗಿರೋದು ನಿನ್ನ ಅದೃಷ್ಟ, ಟೇಬಲ್ಲೂ ಬೇಡ. 12ರ ಅರ್ಧ 6. ಇ ಘಾತ −6 ಅಂದರೆ ಸುಮಾರು 0.00248. ಅದನ್ನು (1 + 6 + 36/2), ಅಂದರೆ 25ರಿಂದ ಗುಣಿಸು. 0.062. ಡಿಗ್ರಿ 6ಕ್ಕೆ ಶೇಕಡಾ 5ರ ಗಡಿ (ಅನುಮಾನ ಪಡೋಕೆ ಸಾಮಾನ್ಯವಾಗಿ ಹಿಡಿಯುವ ಗೆರೆ) 12.592, ನಿನ್ನ 12 ಅದರ ಒಳಗೇ ಇದೆ. ಅಪ್ಪನಿಗೆ ಈಗಲೇ ಏನೂ ಹೇಳಬೇಡ!

ಕಾಳುಮೆಣಸು ಅವರೇ, ಇಷ್ಟು ಚಿಕ್ಕ ಡಿಗ್ರಿಯಲ್ಲಿ ಕೈ ಸ್ಕ್ವೇರ್ ಬಲಕ್ಕೆ ತುಂಬಾ ವಾಲಿರುತ್ತದೆ. ನಾರ್ಮಲ್ ಹಾಕಿದ್ದಕ್ಕೇ ನಿಮ್ಮ ಉತ್ತರ ಗಡಿಯ ಆ ಕಡೆಗೆ ಹೋಯಿತು.

ಸುಂಟಿಕೊಪ್ಪದವಳು:
ಥ್ಯಾಂಕ್ಸ್ ಸರ್. ಆದರೆ ಮೀಟರ್ ಒಂದೇ. ಅದು ಯಾವಾಗಲೂ ಅರ್ಧ ಪರ್ಸೆಂಟ್ ಜಾಸ್ತಿ ತೋರಿಸುತ್ತಿದ್ದರೆ ಎರಡೂ ಸ್ವತಂತ್ರ ಅನ್ನಬಹುದಾ?

ಮಡಿಕೇರಿ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಎಲ್ಲ ಅಳತೆಯಲ್ಲೂ ಅಷ್ಟೇ ಜಾಸ್ತಿ ಇದ್ದರೆ ಸರಾಸರಿ ಕಳೆದಾಗ ಅದೂ ಹೋಗುತ್ತದೆ. ಅಳೆಯುತ್ತಾ ಹೋದ ಹಾಗೆ ಮೀಟರ್ ಬಿಸಿಯಾಗಿ ಅದು ತೋರಿಸುವ ಅಳತೆ ನಿಧಾನಕ್ಕೆ ಜಾರಿದರೆ ಕಷ್ಟ, ಆಗ ಈ ಲೆಕ್ಕ ನಿಲ್ಲಲ್ಲ. ಹಾಗಾಗಿ ಚೆರಿಯ ಅಳತೆಗಳನ್ನೆಲ್ಲ ಮೊದಲು, ಪಾರ್ಚ್‌ಮೆಂಟಿನದನ್ನು ಆಮೇಲೆ ಅಂತ ಮಾಡದೆ, ಚೀಟಿ ಎತ್ತಿ ಬಂದ ಕ್ರಮದಲ್ಲಿ ಎರಡನ್ನೂ ಬೆರೆಸಿಕೊಂಡು ಅಳೆ. ಅಳೆದ ಕ್ರಮವನ್ನೂ ಬರೆದಿಡು, ಜಾರಿದ್ದರೆ ಗೊತ್ತಾಗುತ್ತದೆ.

ಕಾಳುಮೆಣಸು:
ಒಪ್ಪಿದೆ ಸರ್. ಎರಡು ಬೇರೆ ಮೀಟರ್ ಆಗಿದ್ದರೆ?

ಮಡಿಕೇರಿ ಮೇಷ್ಟ್ರು:
ಆಯಾ ಮೀಟರಿನ ವೇರಿಯನ್ಸ್‌ನಿಂದ ಮೊದಲು ಭಾಗಿಸಿ, ಆಮೇಲೆ ಕೂಡಿಸಿ. ಭಾಗಿಸದೆ ಸುಮ್ನೆ ಕೂಡಿಸಿದರೆ ಅದು ಕೈ ಸ್ಕ್ವೇರ್ ಆಗಲ್ಲ. ಆಗ 1946ರಲ್ಲಿ ಸಂಖ್ಯಾಶಾಸ್ತ್ರಜ್ಞ ಸ್ಯಾಟರ್‌ತ್ವೇಟ್ ಕೊಟ್ಟ ಅಂದಾಜಿನ ವಿಧಾನ ಹಿಡಿಯಬೇಕು: ಸರಾಸರಿ, ವೇರಿಯನ್ಸ್ ಎರಡೂ ಹೊಂದುವ ಹಾಗೆ ಒಂದು ಕೈ ಸ್ಕ್ವೇರನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸೋದು. ಡಿಗ್ರಿ ದಶಮಾಂಶದಲ್ಲಿ ಬರಬಹುದು, ಗಾಬರಿ ಬೇಡ.