ಅಪ್‌ಡೇಟ್: ಗುಲಾಬಿಗೆ ತಿರುಗಿದ್ದ ಸಿಲಿಕಾ ಜೆಲ್ ಮತ್ತೆ ನೀಲಿಯಾಯಿತು

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಕ್ಯಾಮೆರಾ ಲೆನ್ಸ್‌ಗಳ ಡಬ್ಬಿಯೊಳಗಿದ್ದ ಸಿಲಿಕಾ ಜೆಲ್ (ತೇವ ಹೀರುವ ಮಣಿಗಳ ಪೊಟ್ಟಣ; ಮಣಿಗಳು ಒಣಗಿದ್ದಾಗ ನೀಲಿ, ತೇವ ತುಂಬಿದಾಗ ಗುಲಾಬಿ) ಮಳೆಗಾಲದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದೆ, ಅದನ್ನು ಎಸೆಯಬೇಕೇ ಅಥವಾ ಒಣಗಿಸಿ ಮತ್ತೆ ಬಳಸಬಹುದೇ ಎಂದು ಹಿಂದೆ ಕೇಳಿದ್ದೆ. ಬಿಸಿಲಿಗಿಡಿ ಎಂದು ಕೆಲವರು, ಓವನ್‌ನಲ್ಲಿಡಿ ಎಂದು ಕೆಲವರು ತಿಳಿಸಿದ್ದಿರಿ; ಎರಡನ್ನೂ ಮಾಡಿ ನೋಡಿದೆ.

ತಾರಸಿಯಲ್ಲಿ ಎರಡು ದಿನ ಹರಡಿಟ್ಟರೂ 200 ಗ್ರಾಂನಲ್ಲಿ ಕಡಿಮೆಯಾದದ್ದು 4 ಗ್ರಾಂ ಮಾತ್ರ. ಮೋಡ ಕವಿದ ಆಗಸ್ಟ್‌ನ ಬೆಂಗಳೂರಿನಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಮಣಿಗಳು ಒಣಗುವುದಾದರೂ ಹೇಗೆ? ಬಳಿಕ ಅವುಗಳನ್ನು ಪೊಟ್ಟಣದಿಂದ ಹೊರತೆಗೆದು (ಪ್ಲಾಸ್ಟಿಕ್ ಅಂಶವಿರುವ ಪೊಟ್ಟಣ ಬಿಸಿಗೆ ಕರಗಬಹುದು), ಸ್ಟೀಲ್ ತಟ್ಟೆಯಲ್ಲಿ ತೆಳುವಾಗಿ ಹರಡಿ, ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ಗಂಟೆ ಇಟ್ಟಾಗ ನೀಲಿ ಬಣ್ಣ ಮರಳಿತು, ತೂಕ 158 ಗ್ರಾಂಗೆ ಇಳಿಯಿತು. ನನ್ನ ಮಟ್ಟಿಗೆ ಬಣ್ಣಕ್ಕಿಂತ ತಕ್ಕಡಿಯೇ ಹೆಚ್ಚು ನಂಬಲರ್ಹ. ಬಣ್ಣವೇ ಬದಲಾಗದ ಬಿಳಿ ಮಣಿಗಳಿಗಂತೂ ತೂಕವೇ ಸಾಕ್ಷಿ.

ಇದೇ ಕೆಲಸಕ್ಕೆ ಇಳಿಯುವವರು ದಯವಿಟ್ಟು ಒಂದನ್ನು ಗಮನಿಸಬೇಕು. ಈ ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡ್‌ನಿಂದ. ಅದು ವಿಷಕಾರಿಯಾಗಿದ್ದು, ಉಸಿರಿನೊಡನೆ ಒಳಸೇರಿದರೆ ಕ್ಯಾನ್ಸರ್ ತರಬಲ್ಲದೆಂದು ಐರೋಪ್ಯ ಒಕ್ಕೂಟ ವರ್ಗೀಕರಿಸಿದೆ. ಆದ್ದರಿಂದ ಅಡುಗೆಗೆ ಬಳಸದ ಹಳೆಯ ಓವನ್ನನ್ನೇ ಆರಿಸಿಕೊಂಡು, ಕಿಟಕಿಗಳನ್ನು ತೆರೆದಿಟ್ಟು, ಪುಡಿಯಾದ ಮಣಿಗಳನ್ನು ಮುಟ್ಟದೆ ಬೇರ್ಪಡಿಸಿದೆ.

ಬಯಲಿನಲ್ಲಿ ಆರಲು ಬಿಟ್ಟರೆ ಮಣಿಗಳು ಮತ್ತೆ ತೇವ ಹೀರುತ್ತವೆ. ಹಾಗಾಗಿ ಬಿಸಿಯಿರುವಾಗಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿದೆ. ಲೆನ್ಸ್ ಡಬ್ಬಿಗೆ ಹಾಕಿ ಮೂರು ವಾರವಾಗಿದೆ, ಬಣ್ಣ ಇನ್ನೂ ನೀಲಿಯಾಗಿಯೇ ಇದೆ.